ಬೆನ್ನಿಗೊರಗಿದ ನಿದ್ದೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡೇರಿ ಬಳಿಯ ಹಳ್ಳಿಯೊಂದರ ಜಗಲಿಯಲ್ಲಿ ಭೀಮಕ್ಕ, ದಾಸಮ್ಮನ ಎದುರು ಕುಳಿತು ಬಿತ್ತನೆಯ ಕಡ್ಲೆಕಾಯಿ ಸುಲಿಯುತ್ತಿದ್ದಾರೆ. ಬಂದ ಕೆಲಸದ ಮಾತು ಎತ್ತಿಲ್ಲ. "ಪೆನ್ನು ಹಿಡ್ಕಂಡು ಕೇಳಿದ್ರೆ ಯಾವ ಹೆಂಗ್ಸೂ ಯೋಳಲ್ಲ. ಕೈಲಿ ಕೆಲ್ಸ ಇರ್ಬೇಕು" ಎನ್ನುವುದು ಅವರ ಅನುಭವ.

ಬಡವನಹಳ್ಳಿಯ ಭೀಮಕ್ಕ ಕೂಡ ದಾಸಮ್ಮನಂತೆಯೇ ಸೈನಿಕನ ಹೆಂಡತಿ, ಗಂಡನನ್ನು ಕಳೆದುಕೊಂಡವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ತಮ್ಮಂಥವರನ್ನು ಹುಡುಕಿಕೊಂಡು ಹೋಗುತ್ತಾರೆ. ಸೇವೆಯಲ್ಲಿದ್ದಾಗ ಅಂಟಿದ ಕಾಯಿಲೆಯೇ ಸಾವಿಗೆ ಕಾರಣವೆಂದು ತೋರಿಸಿದರೆ ಹೆಂಡತಿಗೆ ವಿಶೇಷ ಕುಟುಂಬ ಪಿಂಚಣಿ ಸಿಗುತ್ತದೆ. ಇದುವರೆಗೆ ಮೂವತ್ತೊಂದು ಮನೆಗಳಿಗೆ ಸಿಕ್ಕಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಭೀಮಕ್ಕ ಚಾರ್ಜನ್ನೂ ಕೇಳುವುದಿಲ್ಲ.

ದಾಸಮ್ಮನ ಗಂಡ ಲಕ್ಷ್ಮಯ್ಯ ಹಿಮದ ಗಡಿಯಲ್ಲಿ ಶ್ವಾಸಕೋಶ ಕೆಡಿಸಿಕೊಂಡು ಬಂದವರು. ಸೇನೆಯ ವೈದ್ಯರೇ ಹಾಗೆಂದು ಬರೆದಿದ್ದರು. ಆದರೂ ಅರ್ಜಿ ಬಿದ್ದುಹೋಯಿತು. ಏಕೆಂದರೆ ವಿಚಾರಣೆಯಲ್ಲಿ ದಾಸಮ್ಮ ಹೇಳಿದ್ದು, "ನಮ್ಮೆಜಮಾನ್ರು ಹುಲಿ ಅಂಗಿದ್ರು. ಒಂದಿನ ತಲೆನೋವು ಅಂದೋರಲ್ಲ." ಭೀಮಕ್ಕನ ಮೊದಲ ಅರ್ಜಿಯೂ ಇಂಥದೇ ಹೆಮ್ಮೆಗೆ ಬಿದ್ದಿತ್ತು. ದಾಸಮ್ಮನಿಗೆ ಉಳಿದಿರುವುದು ಇನ್ನೊಂದೇ ಮೇಲ್ಮನವಿ.

ಮೈದುನ ಕ್ಯಾತಣ್ಣ ಕಣ್ಣುಜ್ಜುತ್ತ ಹೊರಗೆ ಬರುತ್ತಾರೆ. "ನಮ್ಮಣ್ಣನ್ನ ರೋಗಿಷ್ಟ ಮಾಡಕ್ ಬಂದ್ಯೇನಕ್ಕ? ಕೊನೇವರ್ಗೂ ನೇಗ್ಲು ಹೊಡ್ದೋನು!"

"ನೀನೆಲ್ಲಿ ನೋಡ್ದೆ ಕಣ್ಲಾ? ನೀನೇಳೋ ಹೊತ್ಗೆ ಎತ್ಗಳು ಮನೇಗ್ ಬಂದಿರ್ತಿದ್ವು." ಅವರ ನಿದ್ದೆಗಣ್ಣು ನೋಡಿ ಭೀಮಕ್ಕ ಛೇಡಿಸುತ್ತಾರೆ.

ದಾಸಮ್ಮ ನಕ್ಕುಬಿಡುತ್ತಾರೆ. ಆ ನಗು ನಿಲ್ಲುವುದನ್ನು ಕಾದು ಭೀಮಕ್ಕ ತಲೆಯೆತ್ತದೆ ಕೇಳುತ್ತಾರೆ, "ರಾತ್ರಿ ಹೆಂಗ್ ಮಲಗೋರು?"

ಕಾಯಿ ಸುಲಿಯುತ್ತಿದ್ದ ದಾಸಮ್ಮನ ಕೈ ನಿಧಾನವಾಗುತ್ತದೆ.

"ಮಲಗಿದ್ರೆ ಉಸ್ರೇ ಸಿಗ್ತಿರ್ಲಿಲ್ಲ ಕಣಕ್ಕ. ನಾನೂ ಕುಂತ್ಕಳೋಳು. ನನ್ ಬೆನ್ನಿಗೆ ಒರಗಿ ಅಂಗೇ ನಿದ್ದೆ ಮಾಡೋರು. ವರ್ಸಗಟ್ಲೆ. ಯಾರ್ಗೂ ಯೋಳ್ಬ್ಯಾಡ ಅಂದಿದ್ರು." ಆಮೇಲೆ ಮೈದುನನ ಕಡೆ ತಿರುಗುತ್ತಾರೆ. "ನೇಗ್ಲು ಹೊಡ್ದಿದ್ದು ನಾನಪ್ಪ. ಮಬ್ಬಿನಾಗೇ ಮುಗುಸ್ಬುಡ್ತಿದ್ದೆ."

ಹೆಂಗಸು ನೇಗಿಲು ಮುಟ್ಟಬಾರದೆನ್ನುವ ಊರು ಅದು. ಕ್ಯಾತಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. "ಒಂದ್ ಮಾತ್ ಕರೀಬಾರ್ದಿತ್ತಾ ಅತ್ಗೆ?" ಎನ್ನುತ್ತಾರೆ.

"ಇದನ್ನ ಆಪೀಸರ್ ಮುಂದೆ ಯೋಳ್ತೀಯಾ?" ಭೀಮಕ್ಕ ಕೇಳುತ್ತಾರೆ.

"ಯೋಳ್ತೀನಿ. ಎಲ್ಲಾನೂ ಯೋಳ್ತೀನಿ."

ಮಧುಗಿರಿಯ ಬಸ್ಸಿಗೆ ಕಾಯುವಾಗ ಭೀಮಕ್ಕ, ಕಳಿಸಲು ಬಂದ ದಾಸಮ್ಮನೆದುರು ತಮ್ಮ ಆಸೆ ಹೇಳಿಕೊಳ್ಳುತ್ತಾರೆ. "ಸತ್ಮೇಲೆ ನಾನ್ ಬಂದು ಕೇಳೋದಲ್ಲ ಕಣಮ್ಮ. ಗಂಡ ಬದುಕಿದ್ದಾಗ್ಲೇ, ಇವ್ರಿಗೆ ಉಸ್ರು ಸಿಗ್ತಿಲ್ಲ ಅಂತ ಹೆಂಡ್ತಿ ಬೀದೀಲಿ ನಿಂತು ಕೂಗೋ ಹಂಗಾಗ್ಬೇಕು."