ಸೀನಿದ್ದು ನಾನು, ಕೂಸಲ್ಲ

ಹೊಟ್ಟೆಯಲ್ಲಿದ್ದಾಗ ನನ್ನ ಮಗಳಿಗೊಂದು ಚಾಳಿಯಿತ್ತು. ಬೆಳಿಗ್ಗೆ ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟರೆ ಸಾಕು, ಬಲಪಕ್ಕೆಯ ಕೆಳಗೆ ಒದೆಯಲು ಶುರು. ರಾಣೆಬೆನ್ನೂರಿನ ಡಾಕ್ಟರಮ್ಮ, "ದಿನದ ಆಟಕ್ಕಿಂತ ಕಡಿಮಿ ಅನಿಸಿದ್ರ ಕಾಯಬ್ಯಾಡ್ರಿ, ಬಂದ ಬಿಡ್ರಿ" ಎಂದಿದ್ದರು. ಹೇಳುವುದು ಸುಲಭ. ಕುಬಸದ, ಅಂದರೆ ಸೀಮಂತದ ದಿನ ಬ್ಯಾಡಗಿಯ ನಮ್ಮ ಮನೆಯ ಹೊಸ್ತಿಲು ದಾಟುವ ಕಷ್ಟ ಅವರಿಗೇನು ಗೊತ್ತು?

ಕುಬಸ ಏಳನೇ ತಿಂಗಳಲ್ಲಿ ಆಗಬೇಕಿದ್ದದ್ದು ಹೇಗೋ ಒಂಬತ್ತಕ್ಕೆ ಹೋಗಿತ್ತು. ಅವತ್ತು ಚಹಾ ಆಯಿತು, ಕೂಸು ಒದೆಯಲಿಲ್ಲ. ಸ್ನಾನವಾಯಿತು, ಹಸಿರು ಸೀರೆ ಉಡಿಸಿದರು, ಬಳೆ ಇಡಿಸಿದರು. ಹೊಟ್ಟೆ ಸುಮ್ಮನೆ ಭಾರವಾಗಿತ್ತು. ಅತ್ತೆಗೆ ಹೇಳಿದೆ.

"ಮಲಗಿರತೈತಿ ಬಿಡವಾ. ದಿನಾ ತುಂಬಿದ ಮ್ಯಾಲೆ ಆಡಾಕ ಜಾಗಾ ಎಲ್ಲಿರತೈತಿ?"

ಕುಪ್ಪೇಲೂರಿನಿಂದ ಅಣ್ಣನ ಗಾಡಿಯಲ್ಲಿ ಬುತ್ತಿ ಹೊತ್ತು ಬಂದಿದ್ದ ನನ್ನ ಅವ್ವ ಇನ್ನೂ ಒಂದು ಕೈ ಮೇಲು. "ಶುಭಕಾರ್ಯದಾಗ ಇಂಥಾ ಮಾತ ಆಡಬಾರದು, ಸುಮ್ನ ಕುಂದರು" ಎಂದಳು. ಕುಳಿತೆ. ಒಳಗೊಳಗೇ ಕುದಿಯುತ್ತಿದ್ದೆ.

ಮೆಣಸಿನಕಾಯಿ ಸುಗ್ಗಿ ಬೇರೆ. ಮಾರ್ಕೆಟ್ ಯಾರ್ಡಿನ ಘಾಟು ಗಾಳಿಯಲ್ಲಿ ಬಂದು, ಬಂದ ಮುತ್ತೈದೆಯರೆಲ್ಲ ಸೆರಗು ಮೂಗಿಗೆ ಹಿಡಿದಿದ್ದರು. ಪಕ್ಕದ ಮನೆಯ ಕಾಕು ಪರೀಕ್ಷೆ ಮಾಡುವವಳಂತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ನನಗೆ ಸೀನು ಬಂತು. ಹೊಟ್ಟೆ ಅಲುಗಿತು.

"ಒದೀತ ನೋಡ್ರೆವಾ! ಎಷ್ಟ ಜೋರೈತಿ ಕೂಸು!"

ಎಲ್ಲರೂ ನಕ್ಕರು. "ಸೀನಿದ್ದು ನಾನ್ರಿ, ಕಾಕು" ಎಂದೆ. ಕೋಣನ ಮುಂದೆ ಕಿನ್ನರಿ ನುಡಿಸಿದಂತಾಯಿತು. ಮತ್ತೊಬ್ಬಳು ಕೈಯಿಟ್ಟಳು, ನಾನು ಮತ್ತೆ ಸೀನಿದೆ, ಮತ್ತೆ ಅದೇ ಸಂಭ್ರಮ. ಹೊಟ್ಟೆ ನನ್ನದು, ಅದರ ಸುದ್ದಿ ಮಾತ್ರ ಎಲ್ಲರಿಗೂ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹಾಡು ಹೇಳುತ್ತ ಉಡಿ ತುಂಬಲು ಶುರುಮಾಡಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಅರ್ಧ ತುಂಬಿದ ಉಡಿಯೊಂದಿಗೆ ಬಸುರಿ ಏಳಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಾನೂ ಅಂಜಿದೆ. ಆಮೇಲೆ, ಕೂಸೇ ಇಲ್ಲದಿದ್ದರೆ ಈ ಉಡಿ ಯಾರಿಗೆ ಅನಿಸಿತು. ಎದ್ದುಬಿಟ್ಟೆ. ಅಕ್ಕಿಯೆಲ್ಲ ಜಮಖಾನೆಯ ಮೇಲೆ ಚೆಲ್ಲಿತು. ಹಾಡು ನಿಂತಿತು.

"ಅಣ್ಣಾ, ಗಾಡಿ ತಗಿ" ಎಂದೆ.

ಅತ್ತೆಯೂ ಗಾಡಿ ಹತ್ತಿದರು, ಮುಖ ಗಂಟು ಹಾಕಿಕೊಂಡು. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಷಿನ್ ಹಚ್ಚಿದರು. ಮೊದಲು ಬರೀ ಗರಗರ. ಆಮೇಲೆ ಕೂಸಿನ ಎದೆಬಡಿತ ಕೇಳಿಸಿತು. ನಾನು ಗಳಗಳ ಅತ್ತುಬಿಟ್ಟೆ.

"ಕೂಸು ಆರಾಮೈತಿ. ಬಂದದ್ದು ಚಲೋ ಮಾಡಿದ್ರಿ. ಮತ್ತ ಹಂಗ ಅನಿಸಿದ್ರ ಮತ್ತ ಬರ್ರಿ" ಎಂದರು ಡಾಕ್ಟರಮ್ಮ. ಅತ್ತೆಯ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ದಾರಿಯುದ್ದಕ್ಕೂ ಫೋನಿನಲ್ಲಿ ಒಂದೇ ಹಾಡು: "ಏನೂ ಇದ್ದಿಲ್ಲವಾ, ಸುಮ್ನ ಗಾಬರಿ ಆಗ್ಯಾಳ." ನನಗೆ ಮೈ ಉರಿಯಿತು. ಕೂಸು ಬದುಕಿದ್ದಕ್ಕೇ ನಾನು ಹುಚ್ಚಿಯಾದೆ. ಶಾಣ್ಯಾಕಿ ಅನಿಸಿಕೊಳ್ಳಬೇಕೆಂದರೆ ಅದು ಸಾಯಬೇಕಿತ್ತೇನು?

ಮುಂದಿನ ವಾರ ಚಹಾದ ಹೊತ್ತಿಗೆ ಹೊಟ್ಟೆ ಮತ್ತೆ ಸುಮ್ಮನಾಯಿತು. ಈ ಸಲ ಯಾರನ್ನೂ ಕೇಳಲಿಲ್ಲ, ಚಪ್ಪಲಿ ಮೆಟ್ಟಿದೆ. "ಮತ್ತ ಹೊಂಟೀಯೇನ?" ಎಂದರು ಅತ್ತೆ. "ಹೂಂ, ಮತ್ತ" ಎಂದೆ. ಡಾಕ್ಟರಮ್ಮ ಮಷಿನ್ ನೋಡಿದರು, ನಗಲಿಲ್ಲ, ಮನೆಗೂ ಕಳಿಸಲಿಲ್ಲ. ಅವತ್ತೇ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಅಳಲು ಸ್ವಲ್ಪ ತಡಮಾಡಿದಳು. ಆ ತಡವನ್ನು ನಾನು ಇನ್ನೂ ಮರೆತಿಲ್ಲ.

ಮೊನ್ನೆ ನಮ್ಮ ಓಣಿಯಲ್ಲೊಂದು ಕುಬಸ. ಅತ್ತೆ ನಡುವೆ ಕುಳಿತು ಆ ಬಸುರಿಗೆ ಹೇಳುತ್ತಿದ್ದರು: "ಕೂಸು ಆಡ್ಲಿಲ್ಲಂದ್ರ ಉಡಿ ಗಿಡಿ ನೋಡಬಾರದವಾ, ಎದ್ದು ಹೋಗಬೇಕು. ನಮ್ಮ ಸೊಸೀನ ನಾನ ಎಬ್ಬಿಸಿಕೊಂಡು ಹೋಗಿದ್ದೆ!"

ಎಬ್ಬಿಸಿದ್ದು ಅವರಂತೆ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಮಾತಿಗೆ ಏಳದಿದ್ದರೂ ಅತ್ತೆಯ ಸುಳ್ಳಿಗಾದರೂ ಆ ಹುಡುಗಿ ಎದ್ದಾಳು.