ಸ್ವಾತಂತ್ರ್ಯಗ್ರಂಥದ ಒಂದು ಹಾಳೆ

ವರ್ಜೀನಿಯಾದ ನಮ್ಮೂರ ಶಾಲೆಯಲ್ಲಿ ನನ್ನ ಬಳಿ ಅಕ್ಷರ ಕಲಿತವರಲ್ಲಿ ಅತ್ಯಂತ ಹಿರಿಯನೆಂದರೆ ಸಿಪಿಯೋ. ಸೇರಿದಾಗ ಅವನಿಗೆ ಅರವತ್ತೆರಡು. ಗುಲಾಮಗಿರಿಯ ಕಾಲದಲ್ಲಿ ಅವನು ಪ್ರೊಫೆಸರ್ ಆಂಬ್ಲರ್ ಎಂಬ ತತ್ತ್ವಜ್ಞಾನಿಯ ಸ್ವತ್ತಾಗಿದ್ದ. ಸಾಹೇಬರು ಹದಿನಾಲ್ಕು ವರ್ಷಗಳಿಂದ ಸ್ವಾತಂತ್ರ್ಯವನ್ನು ಕುರಿತು ಮಹಾಗ್ರಂಥವೊಂದನ್ನು ಬರೆಯುತ್ತಿದ್ದರು. ತಮ್ಮ ಆಲೋಚನೆಗಳು ಕಳುವಾದಾವೆಂದು ಪ್ರತಿ ಹಾಳೆಗೂ ರುಜು ಹಾಕುವುದು ಅವರ ಅಭ್ಯಾಸ. ಆ ಹಾಳೆಗಳನ್ನು ಒಣಗಿಸಿ ಜೋಡಿಸುವುದು ಸಿಪಿಯೋನ ಕೆಲಸ. ಅವನಿಗೆ ಓದು ಬಾರದಾದ್ದರಿಂದ ಗ್ರಂಥ ಸುರಕ್ಷಿತವಾಗಿತ್ತು.

ಅವನ ಹೆಂಡತಿ ಡಾರ್ಕಸ್ ಆರು ಮೈಲಿ ದೂರದಲ್ಲಿ ಬೇರೊಬ್ಬ ಒಡೆಯನ ಆಳು; ಗುಲಾಮರ ಮದುವೆಯನ್ನು ಆಗ ಕಾನೂನು ಒಪ್ಪುತ್ತಿರಲಿಲ್ಲ. ಶನಿವಾರ ಮಾತ್ರ, ಸಾಹೇಬರು ಬರೆದು ರುಜು ಹಾಕಿಕೊಟ್ಟ ಚೀಟಿ ಹಿಡಿದು, ಸಿಪಿಯೋ ಅವಳಲ್ಲಿಗೆ ನಡೆದುಹೋಗುತ್ತಿದ್ದ. ಚೀಟಿಯಿಲ್ಲದೆ ಗಸ್ತಿನವರ ಕೈಗೆ ಸಿಕ್ಕರೆ ಚಾವಟಿಯೇಟು.

ಅಂತರ್ಯುದ್ಧದ ಎರಡನೆಯ ಬೇಸಿಗೆಯಲ್ಲಿ ಉತ್ತರದವರ ದಂಡು ನದಿಯಾಚೆ ಬಂದು ಬೀಡುಬಿಟ್ಟಿತು; ತಮ್ಮನ್ನು ಸೇರಿದ ಗುಲಾಮರನ್ನು ಅವರು ಒಡೆಯರಿಗೆ ಮರಳಿಸುತ್ತಿರಲಿಲ್ಲ. ಡಾರ್ಕಸಳ ಒಡೆಯ ಹೆದರಿ, ಮರುದಿನವೇ ಆಳುಗಳನ್ನೆಲ್ಲ ದೂರದ ಟೆಕ್ಸಾಸಿಗೆ ಸಾಗಿಸುವನೆಂದು ಸುದ್ದಿ ಬಂತು. ಅಂದು ಗುರುವಾರ. ಸಿಪಿಯೋ ಚೀಟಿ ಕೇಳಿದ.

"ಇವತ್ತು ಶನಿವಾರ ಅಲ್ವಲ್ಲೋ," ಎಂದರು ಸಾಹೇಬರು, ತಲೆಯೆತ್ತದೆ.

"ಶನಿವಾರಕ್ಕೆ ಅವಳು ಇಲ್ಲಿರಲ್ಲ, ಬುದ್ಧೀ."

"ಈ ಅಧ್ಯಾಯ ಮುಗೀಲಿ. ಸ್ವಾತಂತ್ರ್ಯದ ವಿಷಯ, ಮಧ್ಯದಲ್ಲಿ ಬಿಡೋಕಾಗಲ್ಲ."

ಅಧ್ಯಾಯ ಮುಗಿಯುವ ಮೊದಲೇ ಸಾಹೇಬರಿಗೆ ಮಧ್ಯಾಹ್ನದ ನಿದ್ದೆ ಹತ್ತಿತು. ಸಿಪಿಯೋ ಆರಲು ಹಾಕಿದ್ದ ಹಾಳೆಗಳಲ್ಲಿ ಒಂದನ್ನು ಮಡಿಸಿಕೊಂಡು ಹೊರಟ.

ದಾರಿಯ ಹಳ್ಳದ ಸೇತುವೆಯ ಬಳಿ ಗಸ್ತಿನವರು ತಡೆದರು. ಅವರ ಮುಖಂಡನಿಗೂ ಓದು ಬಾರದು; ಆದರೆ ವಾರವಾರ ಕಂಡ ಆ ರುಜು ಗೊತ್ತು. ಜೊತೆಗಾರರ ಮುಂದೆ ಮಾನ ಉಳಿಯಬೇಕಲ್ಲ! ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಗಂಭೀರವಾಗಿ ನೋಡಿದ.

"ಏನೋ ಇದು, ಇಷ್ಟುದ್ದ?"

"ನಮ್ಮ ಧಣಿ ಏನ್ ಬರೆದ್ರೂ ಇಷ್ಟೇ, ಸ್ವಾಮಿ."

"ಹೌದೌದು, ಎಲ್ಲ ಸರಿಯಾಗೇ ಬರೆದವ್ರೆ. ಹೋಗು."

ಮುಸ್ಸಂಜೆಯ ಹೊತ್ತಿಗೆ ಗಂಡ ಹೆಂಡತಿ ದೋಣಿಯಲ್ಲಿ ನದಿ ದಾಟಿ ದಂಡಿನವರನ್ನು ಸೇರಿಕೊಂಡರು.

ಶಾಲೆ ಸೇರಿದ ಎರಡನೆಯ ವರ್ಷ ಸಿಪಿಯೋ ಆ ಹಾಳೆಯನ್ನು ಬಿಚ್ಚಿ, ತನ್ನ ಮನೆಯ ಜಗಲಿಯಲ್ಲಿ ನನ್ನೆದುರು ಬೆರಳಿಟ್ಟು ಓದಿದ. ಡಾರ್ಕಸ್ ಬಟಾಣಿ ಸುಲಿಯುತ್ತಿದ್ದಳು. ಹಾಳೆಯಲ್ಲಿ ಹೀಗಿತ್ತು: 'ಗುಲಾಮನಲ್ಲಿ ಸ್ವಾತಂತ್ರ್ಯದ ಬಯಕೆ ಹುಟ್ಟುವುದಿಲ್ಲ. ಬಾಗಿಲು ತೆರೆದಿಟ್ಟರೂ ಅವನು ಒಡೆಯನನ್ನು ಬಿಟ್ಟು ಹೋಗಲಾರ.'

ಡಾರ್ಕಸ್ ಕೈ ನಿಲ್ಲಿಸಿದಳು. "ಇದನ್ನ ತೋರಿಸ್ಕೊಂಡಾ ನೀನು ಬಂದಿದ್ದು?"

"ಹೂಂ ಕಣೆ." ಸಿಪಿಯೋ ನನ್ನತ್ತ ತಿರುಗಿದ. "ಮೇಷ್ಟ್ರೇ, ಸಾಹೇಬ್ರು ಇನ್ನೂ ಆ ಅಧ್ಯಾಯ ಮುಗಿಸಿಲ್ವಂತೆ. ವಾಪಸ್ ಕಳಿಸ್ಲಾ, ಪಾಪ?"

"ಬೇಡ," ಎಂದಳು ಡಾರ್ಕಸ್. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ಯುದ್ಧ ಮುಗಿದ ಮೇಲೆ ಸರ್ಕಾರ ಕೊಟ್ಟ ಮದುವೆಯ ಪತ್ರದ ಜೊತೆ ಬೈಬಲ್ಲಿನೊಳಗೆ ಇಟ್ಟಳು.