ಬೂದು ಬಣ್ಣದ ಮರಿಗಳು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಾನು ಪಾಳಿ ಕೆಲಸ ಮಾಡಿಕೊಂಡಿದ್ದೆ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ತಿ. ನರಸೀಪುರದ ಸಂತೆಯಲ್ಲಿ ಒಂದು ಜೊತೆ ಫ್ಯಾನ್ಸಿ ಕೋಳಿ ಕಂಡು ನನ್ನ ಬುದ್ಧಿ ಕೆಟ್ಟಿತು. ಪಾದದ ತುಂಬ ಪುಕ್ಕ, ಮೈಯೆಲ್ಲ ಮಳೆಮೋಡದಂಥ ಬೂದು ಬಣ್ಣ. ನಮ್ಮ ಕಡೆ ಯಾರ ಹಿತ್ತಲಲ್ಲೂ ಅಂಥದ್ದಿರಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಮೊದಲ ಕಾವಿನಲ್ಲಿ ಒಂಬತ್ತು ಮರಿ ಬಂದವು. ಬೂದು ನಾಲ್ಕೇ. ಮಿಕ್ಕವು ಕೆಲವು ಕಾಡಿಗೆಗಪ್ಪು, ಕೆಲವು ಬಿಳಿಯ ಮೇಲೆ ಬೂದಿ ಎರಚಿದಂತೆ ಚುಕ್ಕೆ ಚುಕ್ಕೆ. ಮಾರಿದವನಿಗೆ ಮನಸ್ಸಿನಲ್ಲೇ ಬೈದೆ. ಬೂದು ಮರಿಗಳನ್ನೇ ಆರಿಸಿ ಜೋಡಿ ಮಾಡಿದೆ. ಎರಡು ವರ್ಷ ಕಳೆದರೂ ಅದೇ ಮೂರು ಬಣ್ಣ. ರೋಸಿಹೋಗಿ, ಬೇಡದ ಬಣ್ಣದವನ್ನೆಲ್ಲ ಪಕ್ಕದ ಮನೆಯ ಅಕ್ಕನಿಗೆ ಕೊಟ್ಟುಬಿಡುತ್ತಿದ್ದೆ.

ಕೋಳಿಗೆ ಲಸಿಕೆ ಹಾಕಿಸಲು ಹೋದಾಗ ವಯಸ್ಸಾದ ಪಶುವೈದ್ಯರಲ್ಲಿ ನನ್ನ ಗೋಳು ತೋಡಿಕೊಂಡೆ. ಅವರು ನಕ್ಕರು.

“ಬೂದು ಹುಂಜಕ್ಕೆ ಬೂದು ಹೆಣ್ಣು ಬಿಟ್ರೆ ಯಾವತ್ತೂ ಮೂರು ಬಣ್ಣನೇ ಕಣ್ರೀ. ಕರಿ ಹುಂಜದ ಜೊತೆ ಆ ಚುಕ್ಕೆ ಹೆಣ್ಣು ಬಿಡಿ, ಎಲ್ಲಾ ಬೂದುನೇ ಬರ್ತವೆ. ಅವೆಲ್ಲಾ ಎಲ್ಲಿ?”

“ಕೊಟ್ಬಿಟ್ಟೆ ಸಾ.”

ನೇರ ಅಕ್ಕನ ಮನೆಗೆ ಓಡಿದೆ.

“ಕರಿ ಉಂಜನಾ? ಓದ್ ವಾರ ಅಳಿಯ ಬಂದಿದ್ನಲ್ಲಪ್ಪಾ, ಸಾರ್ ಮಾಡ್ಬುಟ್ಟೆ,” ಎಂದಳು. “ಚುಕ್ಕೆದು ಐತೆ, ಕೊಡಾಕಿಲ್ಲ. ಚೆನ್ನಾಗ್ ಮೊಟ್ಟೆ ಇಕ್ತದೆ.”

“ಅಕ್ಕಾ, ನಾನೇ ಕೊಟ್ಟಿದ್ದು ಅದು!”

“ಕೊಟ್ಟಿದ್ದು ಕೊಟ್ಟಾಯ್ತು ಕಣಪ್ಪ.”

ಎರಡು ನಾಟಿ ಕೋಳಿ ತಂದುಕೊಟ್ಟ ಮೇಲೆ ಆ ಒಂದನ್ನು ಬಿಟ್ಟುಕೊಟ್ಟಳು. ಅದಕ್ಕೊಂದು ಕರಿ ಹುಂಜ ಬೇಕಲ್ಲ. ಮತ್ತೆ ಮರಿ ಮಾಡಿಸಿ, ಕಪ್ಪು ಗಂಡೊಂದು ಬೆಳೆಯುವವರೆಗೆ ಅರ್ಧ ವರ್ಷ ಕಾದೆ.

ಕೊನೆಗೆ ಹನ್ನೊಂದು ಮರಿ ಒಡೆದವು. ಹನ್ನೊಂದೂ ಬೂದು! ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳಿಗೂ ಖುಷಿಯಾಯಿತು. ಆದರೆ ಬೆಳೆದು ಬೇಸಿಗೆ ಬರುವಷ್ಟರಲ್ಲಿ ಹುಂಜಗಳ ಕತ್ತಿನ ಪುಕ್ಕ ತುಕ್ಕು ಹಿಡಿದ ಕಬ್ಬಿಣದಂತಾಯಿತು. ವೈದ್ಯರನ್ನು ಕೇಳಿದರೆ, ಬಿಸಿಲಿಗೆ ಆ ಬಣ್ಣ ನಿಲ್ಲುವುದಿಲ್ಲವಂತೆ, ನೆರಳಲ್ಲೇ ಸಾಕಬೇಕಂತೆ. ಇದನ್ನು ಮೊದಲೇ ಹೇಳಬಾರದಿತ್ತೇ?

ಹಿತ್ತಲಿಗೆ ಅಡ್ಡಲಾಗಿ ಒಂದು ಹಳೆ ಸೀರೆ ಕಟ್ಟಿದೆ. ಅದು ಹಳೆಯದಲ್ಲ ಎಂದು ಆಮೇಲೆ ತಿಳಿಯಿತು.

“ಕೋಳಿಗೆ ನನ್ ಸೀರೆನೇ ಬೇಕಾಗಿತ್ತಾ ನಿಮ್ಗೆ?” ಎಂದು ಹೆಂಡತಿ ರೇಗಿದಳು. ಕೋಳಿಗಳೋ, ಅಷ್ಟು ನೆರಳನ್ನು ಬಿಟ್ಟು, ಬಿಸಿಲು ಬೀಳುವ ಒಂದೇ ಮೂಲೆಯಲ್ಲಿ ರೆಕ್ಕೆ ಹರಡಿಕೊಂಡು ಮಲಗಿದ್ದವು.